ಪ್ರತಿ ಹತ್ತನೆಯ ತೋಟಾ

ಗರಾಜಿನ ಬಾಗಿಲು ಮೇಲಕ್ಕೆ ಸರಿದ ಕೂಡಲೇ ಆ ವಾಸನೆ ಬಂತು. ಸುಟ್ಟ ಮದ್ದು, ಮಷಿನ್ನಿನ ಎಣ್ಣೆ, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕು. ಇಷ್ಟು ವರ್ಷವಾದರೂ ನನ್ನ ಮೂಗು ಅದನ್ನು ಮರೆತಿರಲಿಲ್ಲ.

ಮಾರ್ಗನ್ ಹಿಲ್ಲಿನ ಮನೆ ಬಿಟ್ಟು ಮಗಳಿರುವ ಊರಿಗೆ ಹೋಗುವುದೆಂದು ಲಾರೆನ್ಸ್ ಅಂಕಲ್ಲರ ಹೆಂಡತಿ ಐರಿನ್ ಆಂಟಿ ತೀರ್ಮಾನಿಸಿದ್ದರು. "ಅವರ ಟೇಬಲು, ಮಷಿನು ಎಲ್ಲ ಹಾಗೇ ಉಂಟು. ನಿಂಗೆ ಬೇಕಾದ್ದು ತಕೊಂಡು ಹೋಗು, ಮತ್ತೆ ಸಿಗ್ಲಿಕ್ಕಿಲ್ಲ," ಎಂದು ಫೋನ್ ಮಾಡಿದ್ದರು. ಕೋವಿ, ಮದ್ದು, ಕೇಪುಗಳನ್ನು ಲಾರೆನ್ಸ್ ಅಂಕಲ್ ತೀರಿಕೊಂಡ ಮೇಲೆ ಅವರ ಶೂಟಿಂಗ್ ಕ್ಲಬ್ಬಿನವರೇ ಕ್ರಮಬದ್ಧವಾಗಿ ಒಯ್ದಿದ್ದರು. ಉಳಿದದ್ದು ಉದ್ದನೆಯ ಮರದ ಟೇಬಲ್ಲು, ಅದಕ್ಕೆ ಬೋಲ್ಟು ಹಾಕಿ ಕೂರಿಸಿದ, ತೋಟಾ ತುಂಬುವ ಕೈ ಮಷಿನ್ನು, ಖಾಲಿ ತೋಟಾಗಳ ಎರಡು ಡಬ್ಬ, ಗೋಡೆಯ ಮೇಲೊಂದು ಹಲಗೆ.

ನನ್ನನ್ನು ಕರೆತಂದಿದ್ದ ಮಗಳು ಕಾವ್ಯ ಆ ಹಲಗೆಯ ಮುಂದೆ ನಿಂತಳು. ಅದರ ಮೇಲೆ ಬಿಳಿ ಪೇಂಟಿನಲ್ಲಿ ಇಂಗ್ಲಿಷಿನ ಎಂಟು ಸಾಲುಗಳಿವೆ. ಒಂಬತ್ತನೆಯದು ಕನ್ನಡದಲ್ಲಿದೆ, ಅಕ್ಷರಗಳು ಸೊಟ್ಟಸೊಟ್ಟ.

"ವಾಟ್ ಡಸ್ ದ ಲಾಸ್ಟ್ ಒನ್ ಸೇ, ಅಮ್ಮಾ?"

ಓದಿ ಹೇಳುವುದು ಕ್ಷಣದ ಕೆಲಸ. ಆದರೆ ಆ ಸಾಲು ಅಲ್ಲಿಗೆ ಬಂದ ಕಥೆ ಹೇಳದೆ ಬರೀ ಸಾಲು ಓದಿದರೆ ಏನು ಪ್ರಯೋಜನ? ಖಾಲಿ ತೋಟಾದ ಒಂದು ಡಬ್ಬವನ್ನು ಹತ್ತಿರಕ್ಕೆಳೆದು ಅದರ ಮೇಲೆ ಅವಳನ್ನು ಕೂರಿಸಿದೆ.

ಅದು ಎರಡು ಸಾವಿರದ ಇಸವಿ. ನಾವು ಕ್ಯಾಂಪ್‌ಬೆಲ್ಲಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನನ್ನ ಗಂಡ ಸುರೇಶ ರೆಡ್‌ವುಡ್ ಸಿಟಿಯ ಒಂದು ಹೊಸ ಕಂಪನಿಗೆ ಹೋಗುತ್ತಿದ್ದರು. ಯಾರ ಮನೆಗೆ ಊಟಕ್ಕೆ ಹೋದರೂ ಅನ್ನ ಸಾರಿನ ಜೊತೆ ಡಾಟ್-ಕಾಮ್ ಬಡಿಸುತ್ತಿದ್ದ ಕಾಲ. ಗಂಡಸರು ಒಂದು ಮೂಲೆಯಲ್ಲಿ ಸ್ಟಾಕು ಎಂದರೆ, ಹೆಂಗಸರು ಇನ್ನೊಂದು ಮೂಲೆಯಲ್ಲಿ ಸ್ಕೂಲ್ ಡಿಸ್ಟ್ರಿಕ್ಟು ಎನ್ನುತ್ತಿದ್ದರು. ನಾನು ಮೈಸೂರಿನಲ್ಲಿ ಬಿ.ಫಾರ್ಮ ಮುಗಿಸಿ, ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಆರು ವರ್ಷ ಕೆಲಸ ಮಾಡಿದವಳು. ಗ್ರೀನ್ ಕಾರ್ಡು ಬಂದಿತ್ತು, ಆದರೆ ನನ್ನ ಡಿಗ್ರಿಗೆ ಇಲ್ಲಿ ಕವಡೆ ಕಿಮ್ಮತ್ತಿರಲಿಲ್ಲ. ಪರೀಕ್ಷೆಗಳ ಮೇಲೆ ಪರೀಕ್ಷೆ ಬರೆಯಬೇಕಿತ್ತು. ಕಾವ್ಯಳಿಗೆ ಮೂರು ವರ್ಷ. ಪರೀಕ್ಷೆಯ ಪುಸ್ತಕಗಳು ಫ್ರಿಜ್ಜಿನ ಮೇಲೆ ಧೂಳು ತಿನ್ನುತ್ತಿದ್ದವು. ಯಾರಾದರೂ "ನೀವೇನ್ ಮಾಡ್ತಿದೀರಾ?" ಎಂದು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಯುಗಾದಿಯ ಪಾಟ್‌ಲಕ್ಕಿನಲ್ಲಿ ಹಾಗೆ ಕೇಳಿದವರು ಲಾರೆನ್ಸ್ ಅಂಕಲ್. ಎಪ್ಪತ್ತು ದಾಟಿದ, ಗರಿಗರಿ ಇಸ್ತ್ರಿಯ ಶರಟಿನ, ಬೆಳ್ಳನೆ ಮೀಸೆಯ ಮಂಗಳೂರಿನವರು. ಸಾನ್ ಹೋಸೆಯಲ್ಲಿ ಹಣ್ಣು ಡಬ್ಬಿಗೆ ತುಂಬುವ ಕ್ಯಾನರಿಯೊಂದರಲ್ಲಿ ಮೂವತ್ತು ವರ್ಷ ಮಷಿನ್ನುಗಳನ್ನು ರಿಪೇರಿ ಮಾಡಿ ರಿಟೈರಾದವರು. ಅವರು ಪಾಯಸದ ಬಟ್ಟಲು ಹಿಡಿದಿದ್ದ ಕೈ ಗಡಗಡ ನಡುಗುತ್ತಿತ್ತು.

"ಫಾರ್ಮಸಿ ಓದಿದ್ದಾ? ಹಾಗಾದ್ರೆ ನಿಂಗೆ ಸಣ್ಣ ತಕ್ಕಡಿಯಲ್ಲಿ ತೂಕ ಮಾಡ್ಲಿಕ್ಕೆ ಬರ್ತದಾ?"

"ಅದೊಂದೇ ಅಂಕಲ್ ನಂಗೆ ಚೆನ್ನಾಗಿ ಬರೋದು," ಎಂದೆ, ಸ್ವಲ್ಪ ಬಿರುಸಾಗಿಯೇ.

"ಹಾಗಾದ್ರೆ ಒಮ್ಮೆ ಮನೆಗೆ ಬಾ ಮಾರಾಯ್ತಿ. ನಂಗೆ ಕೈ ಕೇಳುದಿಲ್ಲ. ಕೋವಿಗೆ ತೋಟಾ ತುಂಬುವ ಕೆಲಸ ಉಂಟು."

ಕಾರಿನಲ್ಲಿ ಸುರೇಶ ನಕ್ಕಿದ್ದೇ ನಕ್ಕಿದ್ದು. "ಎಲ್ಲರ ಹೆಂಡ್ತೀರು ಜಾವಾ ಕಲೀತಿದ್ರೆ ನನ್ ಹೆಂಡ್ತಿ ಬಂದೂಕು ಕಲೀತಾಳೆ!" ಅವರ ನಗುವೇ ನನ್ನ ಹಟ ಏರಿಸಿತು. ಮರುವಾರವೇ ಮಗಳನ್ನು ಹಿಂದಿನ ಸೀಟಿನಲ್ಲಿ ಕಟ್ಟಿ ಕೂರಿಸಿ, ಫ್ರೀವೇ ಹಿಡಿದು ದಕ್ಷಿಣಕ್ಕೆ ಹೊರಟೆ.

ಆ ಬೇಸಗೆಯೆಲ್ಲ ವಾರಕ್ಕೆ ಮೂರು ದಿನ ಅದೇ ದಾರಿ. ಕಟ್ಟಡಗಳು ಮುಗಿದು ಒಣಗಿದ ಹುಲ್ಲಿನ ಗುಡ್ಡಗಳು ಶುರುವಾಗುತ್ತಿದ್ದವು. ಕೆಲವು ಮಧ್ಯಾಹ್ನ ತೆಂಕಣ ಗಾಳಿಯಲ್ಲಿ ಬೆಳ್ಳುಳ್ಳಿ ಹೊಲಗಳ ಘಾಟು ತೇಲಿ ಬಂದು ನನಗೆ ಸುಮ್ಮಸುಮ್ಮನೆ ಹಸಿವಾಗುತ್ತಿತ್ತು. ಕಾವ್ಯ ಒಳಗೆ ಐರಿನ್ ಆಂಟಿಯ ಹತ್ತಿರ ನೀರುದೋಸೆ ತಿನ್ನುತ್ತ ಕೂತರೆ, ನಾನು ಗರಾಜಿನಲ್ಲಿ ಕನ್ನಡಕ ಏರಿಸಿಕೊಂಡು ನಿಲ್ಲುತ್ತಿದ್ದೆ.

ಮೊದಲ ದಿನ ಅಂಕಲ್ ನನಗೆ ಮಷಿನ್ನು ಮುಟ್ಟಲು ಬಿಡಲಿಲ್ಲ. ಕೋವಿ ತೋರಿಸಿದರು. ಕ್ಯಾನರಿಯ ಫೋರ್‌ಮನ್ ಒಬ್ಬರಿಂದ ಕೊಂಡದ್ದಂತೆ, ನನಗಿಂತ ವಯಸ್ಸಾದದ್ದು. ಒಂದು ಹೊಡೆತವಾದ ಕೂಡಲೇ ನಳಿಗೆಯೇ ನಾಲ್ಕು ಬೆರಳಿನಷ್ಟು ಹಿಂದಕ್ಕೆ ಜಾರಿ, ಖಾಲಿ ತೋಟಾವನ್ನು ಹೊರಗೆಸೆದು, ಹೊಸದನ್ನು ತಾನೇ ಒಳಗೆಳೆದುಕೊಳ್ಳುವ ಹಳೆಯ ಕಾಲದ ಸೆಮಿ-ಆಟೋಮ್ಯಾಟಿಕ್. ಮುಂದಿನ ಮರದ ಹಿಡಿ ಬಿಚ್ಚಿ ಒಳಗಿನ ಕಂಚಿನ ಬಳೆ ತೋರಿಸಿದರು. ಹಗುರ ತೋಟಾಕ್ಕೆ ಅದನ್ನು ಒಂದು ಕಡೆ ಕೂರಿಸಬೇಕು, ಜೋರಿನದ್ದಕ್ಕೆ ಇನ್ನೊಂದು ಕಡೆ. ತಪ್ಪಿದರೆ ಒಂದೋ ಕೋವಿ ಮುಂದಿನ ತೋಟಾ ಎಳೆದುಕೊಳ್ಳುವುದಿಲ್ಲ, ಇಲ್ಲವೇ ಹೆಗಲಿಗೆ ಒದ್ದು ಮರವನ್ನು ಸೀಳುತ್ತದೆ.

"ಇದಕ್ಕೆ ಅಂಗಡಿಯ ತೋಟಾ ಜೋರಾಗ್ತದೆ. ನಾನು ಇದ್ರ ಬಳೆ ಹಗುರಕ್ಕೆ ಇಟ್ಟದ್ದು, ತೋಟಾ ಸಹ ಅದಕ್ಕೆ ಸರಿಯಾಗಿ ತುಂಬುದು. ಮುದುಕನಿಗೆ ಗಂಜಿ ಕೊಟ್ಟ ಹಾಗೆ."

ಆಮೇಲೆ ಎರಡು ವಾರ ಬರೀ ಖಾಲಿ ತೋಟಾ ವಿಂಗಡಿಸುವ ಕೆಲಸ. ಒಂದೇ ಜಾತಿಯವು ಒಂದು ಡಬ್ಬಕ್ಕೆ. ಬಾಯಿ ಸೀಳಿದ್ದು, ಬುಡ ಉಬ್ಬಿದ್ದು, ಕಾಲಿಗೆ ಸಿಕ್ಕಿ ಚಪ್ಪಟೆಯಾದದ್ದು ಎಲ್ಲ ಕಸಕ್ಕೆ. ಬುಡವನ್ನು ಉಂಗುರದಲ್ಲಿ ಒತ್ತಿ ಹಳೆಯ ಅಳತೆಗೆ ತರದಿದ್ದರೆ ಆ ಕೋವಿ ನುಂಗುವುದಿಲ್ಲ. ಮದ್ದಿಗೆ ಕಿಡಿ ಕೊಡುವ ಹೊಸ ಕೇಪು ಬುಡದ ಮಟ್ಟಕ್ಕೆ ಸರಿಯಾಗಿ ಕೂರಬೇಕು, ಬೆರಳು ಸವರಿದರೆ ಉಬ್ಬು ಸಿಗಬಾರದು. ಅಲ್ಲಿಂದ ಮುಂದೆ ಮದ್ದು, ಅದರ ಮೇಲೆ ಪ್ಲಾಸ್ಟಿಕ್ಕಿನ ಪುಟ್ಟ ಬಟ್ಟಲು, ಬಟ್ಟಲ ತುಂಬ ಸೀಸದ ಸಣ್ಣ ಚರೆಗುಂಡು, ಕೊನೆಗೆ ತೋಟಾದ ಬಾಯಿಯನ್ನು ಹೂವಿನೆಸಳಿನ ಹಾಗೆ ಮಡಿಚಿ ಮುಚ್ಚುವುದು. ಯಾವ ಮದ್ದಿಗೆ ಯಾವ ಕೇಪು, ಯಾವ ಬಟ್ಟಲು ಎಂಬುದು ಮದ್ದಿನವರೇ ಅಚ್ಚು ಹಾಕಿಸಿದ ಪುಸ್ತಕದಲ್ಲಿದ್ದ ಹಾಗೆಯೇ. ಅದಿಲ್ಲದಿದ್ದರೆ ಇದಾಗುತ್ತದೆ ಎಂಬ ಮಾತೇ ಇಲ್ಲ. ಅಡುಗೆಮನೆಯಲ್ಲಿ ನಾನು ಅಂಥವಳಲ್ಲ, ಆದರೆ ಔಷಧಿಯ ಮೇಜಿನ ಮುಂದೆ ಆರು ವರ್ಷ ಹಾಗೆಯೇ ಬದುಕಿದ್ದೆ. ಯಾರೋ ನನ್ನನ್ನು ನನ್ನ ಮನೆಗೇ ವಾಪಸ್ಸು ಕರೆತಂದ ಹಾಗನಿಸಿತು.

ಹಲಗೆಯ ಎಂಟು ನಿಯಮಗಳನ್ನು ಬಾಯಿಪಾಠ ಮಾಡಿದೆ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ. ಬೀಡಿ ಸಿಗರೇಟು ಬೆಂಕಿ ಇಲ್ಲ. ತುಂಬುವಾಗ ಮಾತಿಲ್ಲ. ಕೆಲಸ ಮುಗಿದ ಮೇಲೆ ಮಷಿನ್ನಿನ ಮದ್ದು ತನ್ನ ಡಬ್ಬಿಗೇ ವಾಪಸ್ಸು. ಅನುಮಾನ ಬಂದರೆ ಬಿಸಾಕು. ಹೀಗೇ. ಇವುಗಳಲ್ಲಿ ನನಗಾಗಿಯೇ ಬರೆದಂತಿದ್ದದ್ದು ಆರನೆಯದು: ಪ್ರತಿ ಹತ್ತನೆಯ ತೋಟಾದ ಮದ್ದನ್ನು ತಕ್ಕಡಿಗೆ ಸುರಿದು ತೂಗಬೇಕು. ಅಂಕಲ್ಲರ ಕೈಯಲ್ಲಿ ಆ ಮದ್ದು ಅರ್ಧ ನೆಲಕ್ಕೆ ಚೆಲ್ಲುತ್ತಿತ್ತು. ನನ್ನ ಕೈಯಲ್ಲಿ ತಕ್ಕಡಿಯ ಮುಳ್ಳು ಬಾಲ ಅಲ್ಲಾಡಿಸಿ ನೆಟ್ಟಗೆ ನಿಲ್ಲುತ್ತಿತ್ತು. ಜಂಬ ಎಂದರೂ ಸರಿ, ಆ ಬೇಸಗೆಯಲ್ಲಿ ನಾನು ತುಂಬಿದ ಒಂದು ತೋಟಾವೂ ಆ ಮುದುಕ ಕೋವಿಗೆ ಅಜೀರ್ಣವಾಗಲಿಲ್ಲ. ವಿಚಿತ್ರವೆಂದರೆ, ಪಾಯಸದ ಬಟ್ಟಲಿಗೆ ನಡುಗುತ್ತಿದ್ದ ಆ ಕೈಗಳು ಕೋವಿಯನ್ನು ಹೆಗಲಿಗೇರಿಸಿದ ಕ್ಷಣ ಕಲ್ಲಿನಂತೆ ಸ್ಥಿರವಾಗುತ್ತಿದ್ದವು. ಗುರಿಗೆಂದು ಗಾಳಿಗೆ ಹಾರಿಸಿದ ಮಣ್ಣಿನ ಬಿಲ್ಲೆಗಳು ಗುಡ್ಡದ ಮೇಲಿನ ಶೂಟಿಂಗ್ ರೇಂಜಿನಲ್ಲಿ ಒಂದರ ಹಿಂದೊಂದು ಪುಡಿಯಾಗುವುದನ್ನು ನೋಡಿ, ಅವರ ಗೆಳೆಯ ಹ್ಯಾಂಕ್ ಎಂಬ ಅಜ್ಜ ನನ್ನ ಕಡೆ ತಿರುಗಿ ಟೋಪಿ ಎತ್ತುತ್ತಿದ್ದರು.

ಒಮ್ಮೆ ಸುರೇಶರ ಕಂಪನಿ ಏನನ್ನೋ ಅವಸರವಸರವಾಗಿ ಬಿಡುಗಡೆ ಮಾಡಿತು. "ಎಲ್ಲಾ ಟೆಸ್ಟ್ ಮಾಡಿದ್ರಾ?" ಎಂದೆ. "ಬಗ್ ಇದ್ರೆ ಪ್ಯಾಚ್ ಬಿಡ್ತೀವಿ ಕಣೇ," ಎಂದರು. "ನಮ್ಮಲ್ಲಿ ಪ್ಯಾಚ್ ಇಲ್ಲಾರೀ," ಎಂದೆ. ನಮ್ಮಲ್ಲಿ ಎಂದು ಹೇಳಿಕೊಳ್ಳಲು ನನಗೂ ಈ ದೇಶದಲ್ಲಿ ಒಂದು ಕೆಲಸ ಸಿಕ್ಕಿತ್ತಲ್ಲ, ಆ ಖುಷಿಗೆ ಅವತ್ತು ಒಬ್ಬಟ್ಟು ಮಾಡಿದ್ದೆ.

ಅಷ್ಟರಲ್ಲಿ ನವರಾತ್ರಿ ಬಂತು. ಆಯುಧಪೂಜೆಯ ದಿನ ಬೆಳಗ್ಗೆ ಮನೆಯಲ್ಲಿ ಕಾರು, ಸುರೇಶರ ಲ್ಯಾಪ್‌ಟಾಪು, ಮಿಕ್ಸಿ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿದೆ. ಆಮೇಲೆ ಅನಿಸಿತು, ನಾನು ದುಡಿಯುವ ಆಯುಧ ಮಾರ್ಗನ್ ಹಿಲ್ಲಿನಲ್ಲಿದೆ. ಅದನ್ನು ಬಿಟ್ಟು ಮಿಕ್ಸಿಗೆ ಪೂಜೆ ಮಾಡಿದರೆ ಹೇಗೆ? ಕುಂಕುಮದ ಭರಣಿ, ಅಕ್ಷತೆಯ ಬಟ್ಟಲು ಕಟ್ಟಿಕೊಂಡು ಹೊರಟೆ.

"ನಾವು ಇಗರ್ಜಿಗೆ ಹೋಗುವವರು, ನಂಗೆ ಇದೆಲ್ಲ ಗೊತ್ತಿಲ್ಲ. ಆದ್ರೆ ಊರಲ್ಲಿ ನೆರೆಮನೆಯವರು ಬಸ್ಸಿಗೆ ಮಾಡುದು ನೋಡಿದ್ದೇನೆ. ಮಾಡು, ಮಾಡು," ಎಂದು ಅಂಕಲ್ ಟೋಪಿ ತೆಗೆದು ಕೈ ಕಟ್ಟಿ ನಿಂತರು. ಬೆಂಕಿ ಇಲ್ಲವೆಂಬ ನಿಯಮ ನೆನಪಿತ್ತು. ದೀಪ ಹಚ್ಚಲಿಲ್ಲ, ಊದುಬತ್ತಿಯೂ ಇಲ್ಲ. ಎಷ್ಟು ಜಾಣೆ ನಾನು ಎಂದುಕೊಂಡೆ. ತಕ್ಕಡಿಗೆ ಕುಂಕುಮ ಇಟ್ಟೆ, ಮಷಿನ್ನಿನ ಹಿಡಿಗೆ ಹೂವಿಟ್ಟೆ, ಎರಡು ಕೈಯಲ್ಲಿ ಅಕ್ಷತೆ ತೆಗೆದುಕೊಂಡು ಅದರ ನೆತ್ತಿಯ ಮೇಲೆ ಧಾರಾಳವಾಗಿ ಹಾಕಿ ನಮಸ್ಕಾರ ಮಾಡಿದೆ. ಆ ನೆತ್ತಿಯ ಮೇಲೆ ಮದ್ದು ತುಂಬುವ ಬಾಟಲಿಯಿತ್ತು. ಹಿಂದಿನ ದಿನ ಅದನ್ನು ಖಾಲಿ ಮಾಡಿ, ಒರೆಸಿ, ಮುಚ್ಚಳ ತೆಗೆದು ಒಣಗಲು ಬಿಟ್ಟವಳೂ ನಾನೇ.

ಮರುದಿನ ಅಂಕಲ್ ಬಾಟಲಿಗೆ ಮದ್ದು ಸುರಿದುಕೊಟ್ಟರು. ಅಂದು, ಅದರ ಮರುದಿನ ನಾನು ನಾಲ್ಕು ಪೆಟ್ಟಿಗೆ ತುಂಬಿದೆ. ಒಂದು ಪೆಟ್ಟಿಗೆಗೆ ಇಪ್ಪತ್ತೈದು ತೋಟಾ. ಪ್ರತಿ ಹತ್ತನೆಯದನ್ನು ತೂಗಿದೆ, ಎಲ್ಲವೂ ಸರಿಯಾಗಿದ್ದವು. ಆ ಭಾನುವಾರ ಕ್ಲಬ್ಬಿನ ವರ್ಷದ ದೊಡ್ಡ ಪಂದ್ಯ. ಮುಂದಿನ ವರ್ಷಕ್ಕೆ ಕಣ್ಣು ಕೇಳುತ್ತದೋ ಇಲ್ಲವೋ ಎಂದು ಅಂಕಲ್ ಬೇಸಗೆಯೆಲ್ಲ ಅದಕ್ಕೇ ಕಾದಿದ್ದರು. ಬೆಳಗ್ಗೆ ಎಂಟಕ್ಕೆ ನಾಲ್ಕೂ ಪೆಟ್ಟಿಗೆ ಕಾರಿಗಿಟ್ಟು ಹೊರಟರು. ನಾನು ಮುಂದಿನ ವಾರದ ತೋಟಾಗಳನ್ನು ತುಂಬಲು ನಿಂತೆ.

ಹತ್ತನೆಯದು ಸರಿ. ಇಪ್ಪತ್ತನೆಯದು ಸರಿ. ಮೂವತ್ತನೆಯದನ್ನು ತಕ್ಕಡಿಗೆ ಸುರಿದೆ, ಮುಳ್ಳು ಏಳಲೇ ಇಲ್ಲ.

ಮೊದಲು ತಕ್ಕಡಿಯನ್ನೇ ಅನುಮಾನಿಸಿದೆ. ಖಾಲಿ ಮಾಡಿ, ಸೊನ್ನೆಗೆ ತಂದು ಮತ್ತೆ ತೂಗಿದೆ. ಮದ್ದು ಅರ್ಧಕ್ಕಿಂತ ಕಡಿಮೆ. ಮುಂದಿನದನ್ನು ತೂಗಿದರೆ ಬೇಕಾದ್ದಕ್ಕಿಂತ ತುಂಬ ಹೆಚ್ಚು. ಅದರ ಮುಂದಿನದು ಸರಿ. ಎಲ್ಲೋ ಏನೋ ಮದ್ದನ್ನು ತಡೆದು ಹಿಡಿದು, ಆಮೇಲೆ ಒಟ್ಟಿಗೆ ಬಿಡುತ್ತಿದೆ. ಬಾಟಲಿಯ ಮದ್ದನ್ನೆಲ್ಲ ಡಬ್ಬಿಗೆ ಸುರಿದು, ಮಷಿನ್ನಿನ ಕೊಳವೆ ಬಿಚ್ಚಿ ಬಿಳಿ ಹಾಳೆಯ ಮೇಲೆ ತಟ್ಟಿದೆ. ಬೂದು ಬಣ್ಣದ ಪುಡಿಯ ನಡುವೆ ಹಳದಿಯದೊಂದು ಬಿತ್ತು. ಅಕ್ಕಿಕಾಳು. ನನ್ನ ಅಕ್ಷತೆ.

ಅಂಕಲ್ ಒಯ್ದ ನಾಲ್ಕು ಪೆಟ್ಟಿಗೆಯೂ ಇದೇ ಬಾಟಲಿಯಿಂದ ತುಂಬಿದ್ದು. ಮದ್ದು ಕಡಿಮೆ ಬಿದ್ದ ತೋಟಾ ಏನು ಮಾಡುತ್ತದೆಂದು ಮೊದಲ ವಾರವೇ ಅಂಕಲ್ ಹೇಳಿದ್ದರು. 'ಫುಸ್' ಎಂದು ಸದ್ದಾಗಿ ಪ್ಲಾಸ್ಟಿಕ್ ಬಟ್ಟಲು ನಳಿಗೆಯೊಳಗೇ ಸಿಕ್ಕಿಕೊಳ್ಳುತ್ತದೆ. ಕೋವಿ ತಾನಾಗಿ ಮುಂದಿನದನ್ನು ಎಳೆದುಕೊಳ್ಳುವುದಿಲ್ಲ. ಹೊಡೆಯುವವನು ಗಡಿಬಿಡಿಯಲ್ಲಿ ಕೈಯಿಂದ ಎಳೆದು ಇನ್ನೊಂದು ತೋಟಾ ಹಾರಿಸಿದರೆ ನಳಿಗೆ ಸಿಡಿಯುತ್ತದೆ. ನಳಿಗೆಯ ಕೆಳಗೆ ಅವನ ಎಡಗೈ ಇರುತ್ತದೆ. ಇಲ್ಲಿಯಂತೂ ಆ ಇನ್ನೊಂದು ತೋಟಾದಲ್ಲಿ ಮದ್ದೂ ಹೆಚ್ಚು.

ರೇಂಜಿಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. "ಆಂಟೀ, ಕಾವ್ಯನ್ನ ನೋಡ್ಕೊಳಿ," ಎಂದು ಕೂಗಿ ಕಾರು ಹತ್ತಿದೆ. ಒಣ ಗುಡ್ಡದ ತಿರುವುಗಳಲ್ಲಿ ಹೋಗುವಾಗ, ನಾಚಿಕೆಯಿಂದಲೇ ಹೇಳುತ್ತೇನೆ, ಇನ್ನೊಂದು ಯೋಚನೆಯೂ ಬಂತು. ಮಷಿನ್ನು ಕೆಟ್ಟಿದೆ ಎಂದರೆ ಸಾಕಲ್ಲ? ಅಕ್ಕಿಯ ಸುದ್ದಿ ಏಕೆ? ಈ ದೇಶದಲ್ಲಿ ನನ್ನನ್ನು ನಂಬಿ ಒಬ್ಬರು ಕೊಟ್ಟ ಮೊದಲ ಕೆಲಸ ಅದು. ಅದನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ. ಆದರೆ ಆ ಕಾಳು ನನ್ನ ಎಡ ಅಂಗೈಯಲ್ಲೇ ಇತ್ತು, ಬಿಸಾಡಲೂ ಇಲ್ಲ.

ರೇಂಜಿನಲ್ಲಿ ಐದು ಜನ ಸಾಲಾಗಿ ನಿಂತಿದ್ದರು, ಅಂಕಲ್ ನಾಲ್ಕನೆಯವರು. ಎಲ್ಲರ ಕಿವಿಗೂ ಮುಚ್ಚಳ. ಹಿಂದೆ ಕುರ್ಚಿಗಳಲ್ಲಿ ಮೂವತ್ತು ನಲವತ್ತು ಮಂದಿ. ಅಪಾಯ ಕಂಡವರು ಯಾರೇ ಆಗಲಿ ಕೂಗಿ ನಿಲ್ಲಿಸಬಹುದೆಂಬ ನಿಯಮ ಗೇಟಿನಲ್ಲೇ ಬರೆದಿತ್ತು. ಆರು ತಿಂಗಳಲ್ಲಿ ಅಲ್ಲಿ ಹಲೋ, ಥ್ಯಾಂಕ್ಯೂ ಬಿಟ್ಟು ಬೇರೇನನ್ನೂ ಆಡದಿದ್ದ ನಾನು, ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು, ಹಿಂದಿನ ಗೆರೆಯಲ್ಲೇ ನಿಂತು, ಇದ್ದ ಗಂಟಲನ್ನೆಲ್ಲ ತೆರೆದು "ಸೀಸ್ ಫೈರ್!" ಎಂದು ಕಿರುಚಿದೆ. ಎರಡನೆಯ ಸಲಕ್ಕೆ ಇಡೀ ಗುಡ್ಡ ಸುಮ್ಮನಾಯಿತು.

ಅಂಕಲ್ ಕೋವಿ ಖಾಲಿ ಮಾಡಿ, ಕೆಳಗಿಟ್ಟು, ನನ್ನ ಹತ್ತಿರ ಬಂದರು. "ಎಂತ ಆಯ್ತು? ಮಗುವಿಗೆ ಎಂತಾದ್ರೂ ಆಯ್ತಾ?"

ನಾನು ಅಂಗೈ ಬಿಡಿಸಿದೆ. ಬೆವರಿಗೆ ಕಾಳಿನ ಅರಿಶಿನವೆಲ್ಲ ಕೈಗೆ ಹತ್ತಿತ್ತು.

"ರೈಸ್?" ಎಂದರು ಹ್ಯಾಂಕ್ ಬಗ್ಗಿ ನೋಡಿ.

"ಯೆಸ್. ರೈಸ್. ಇನ್ ದ ಪೌಡರ್. ಐ ಪುಟ್ ಇಟ್ ದೇರ್," ಎಂದೆ. ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದೆ. ಆಮೇಲೆ ಕನ್ನಡದಲ್ಲಿ, "ಅಕ್ಷತೆ ಅಂಕಲ್. ಪೂಜೆ ದಿನ ನಾನೇ ಹಾಕಿದ್ದು. ಬಾಟ್ಲಿ ಮುಚ್ಚಳ ತೆಗ್ದಿತ್ತು. ನಾನ್ ನೋಡ್ಲಿಲ್ಲ."

ಅವರು ಬೈಯಲಿಲ್ಲ. "ಎಷ್ಟನೇದ್ರಲ್ಲಿ ಸಿಕ್ಕಿತು?" ಎಂದಷ್ಟೇ ಕೇಳಿದರು.

"ಮೂವತ್ತನೇದ್ರಲ್ಲಿ."

ಆಗಲೇ ಮೊದಲ ಪೆಟ್ಟಿಗೆ ಮುಗಿದಿತ್ತು, ಒಂದು ಬಿಲ್ಲೆಯೂ ತಪ್ಪಿರಲಿಲ್ಲ. ಹ್ಯಾಂಕ್ ತಾವು ಅಂಗಡಿಯಿಂದ ಕೊಂಡ ತೋಟಾ ಕೊಡಲು ಬಂದರು. ಅಂಕಲ್ ತಲೆಯಾಡಿಸಿದರು. ಬಳೆ ಹಗುರಕ್ಕಿತ್ತು, ಗಡಿಬಿಡಿಯಲ್ಲಿ ಕೋವಿ ಬಿಚ್ಚುವುದು ಅವರ ಜಾಯಮಾನವಲ್ಲ. ಪಂದ್ಯದ ಚೀಟಿಯಲ್ಲಿ ತಮ್ಮ ಹೆಸರಿನ ಮೇಲೆ ತಾವೇ ಗೀಟೆಳೆದು, ಉಳಿದ ಮೂರು ಪೆಟ್ಟಿಗೆಗಳನ್ನು ನನ್ನ ಕೈಗೆ ಕೊಟ್ಟರು. ಆ ವರ್ಷದ ಕಪ್ಪು ಬೇರೆ ಯಾರದೋ ಮನೆಗೆ ಹೋಯಿತು.

ಮಧ್ಯಾಹ್ನ ಗರಾಜಿನಲ್ಲಿ ನಾವಿಬ್ಬರೂ ಕೂತು ಒಂದೊಂದೇ ತೋಟಾವನ್ನು ಜೋಪಾನವಾಗಿ ಕುಯ್ದು ಬಿಚ್ಚಿದೆವು. ಎರಡನೆಯ ಪೆಟ್ಟಿಗೆ ಸರಿಯಾಗಿತ್ತು. ಮೂರನೆಯದೂ ಸರಿ. ನನ್ನ ಎದೆ ಸ್ವಲ್ಪ ಹಗುರಾಯಿತು. ನಾಲ್ಕನೆಯ ಪೆಟ್ಟಿಗೆಯಲ್ಲಿ ಒಂದು ತೋಟಾದಿಂದ ಒಂದು ಚಿಟಿಕೆಯಷ್ಟು ಮದ್ದು ಬಿತ್ತು. ಅದರ ಪಕ್ಕದ ಗುಳಿಯಲ್ಲಿದ್ದದ್ದರಿಂದ ಗುಡ್ಡೆಯಾಗಿ ಬಿತ್ತು. ಅಂಕಲ್ ಎರಡನ್ನೂ ಬಿಳಿ ಹಾಳೆಯ ಮೇಲೆ ಅಕ್ಕಪಕ್ಕ ಇಟ್ಟು, ಕೋವಿ ಹಿಡಿಯುವ ತಮ್ಮ ಎಡಗೈಯನ್ನು ಅದರ ಪಕ್ಕಕ್ಕಿಟ್ಟು ನೋಡುತ್ತ ಕೂತರು.

ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. "ನಾಳೆಯಿಂದ ನಾನ್ ಬರಲ್ಲ ಅಂಕಲ್. ನೀವು ಬೇರೆ ಯಾರನ್ನಾದ್ರೂ ನೋಡ್ಕೊಳಿ."

"ಎಂತದು ಬರುದಿಲ್ಲ? ಇಷ್ಟೂ ಪುನಃ ತುಂಬ್ಲಿಕ್ಕಿಲ್ವಾ, ಯಾರು ತುಂಬುದು, ನಿನ್ನ ಗಂಡನಾ?" ಎಂದರು. ಹಾಳೆಯನ್ನು ಬದಿಗೆ ಸರಿಸಿ, "ನೋಡು ಮಗಾ, ಬಾಟ್ಲಿಯೊಳಗೆ ನೋಡದೆ ಮದ್ದು ಸುರಿದದ್ದು ನಾನು. ಅದು ನಂದು ಸಹ ತಪ್ಪೇ. ಕ್ಯಾನರಿಯಲ್ಲಿ ತಪ್ಪು ಮಾಡುವವರು ನಂಗೆ ಬೇಕಾದಷ್ಟು ಸಿಕ್ಕಿದ್ದಾರೆ. ಅಷ್ಟು ಜನರ ಎದುರು ಕೈ ಬಿಡಿಸಿ ತೋರಿಸಿದವರು ಸಿಗ್ಲಿಲ್ಲ," ಎಂದರು.

ಎರಡು ದಿನ ಬಿಟ್ಟು ಹೋದಾಗ ಹಲಗೆಯ ಮೇಲೆ ಒಂಬತ್ತನೆಯ ಸಾಲು ಮೂಡಿತ್ತು, ಪೇಂಟು ಇನ್ನೂ ಹಸಿ. ನಲವತ್ತು ವರ್ಷದಿಂದ ಕನ್ನಡ ಬರೆದಿಲ್ಲ, ಅಕ್ಷರ ಮರೆತೇಹೋಗಿದೆ ಎನ್ನುತ್ತಿದ್ದ ಮನುಷ್ಯ, ನಡುಗುವ ಕೈಯಲ್ಲಿ ಬ್ರಷ್ಷು ಹಿಡಿದು ಬರೆದಿದ್ದರು. ಒತ್ತಕ್ಷರ ಒಂದು ಕಡೆ ಜಾರಿತ್ತು. ನಾನು ಸರಿಮಾಡಲು ಹೋಗಲಿಲ್ಲ.

ಮರುವರ್ಷ ಸುರೇಶರ ಕಂಪನಿ ಬಾಗಿಲು ಹಾಕಿತು. ಅಷ್ಟರಲ್ಲಿ ಫ್ರಿಜ್ಜಿನ ಮೇಲಿನ ಪುಸ್ತಕಗಳು ಕೆಳಗಿಳಿದಿದ್ದವು. ಗರಾಜಿನ ಆ ಮೇಜಿನ ಇನ್ನೊಂದು ತುದಿಯಲ್ಲಿ ಕೂತೇ ಓದಿದೆ. ಅಂಕಲ್ ಒಮ್ಮೊಮ್ಮೆ ಪ್ರಶ್ನೆ ಕೇಳಿ, ಉತ್ತರ ಅರ್ಥವಾಗದಿದ್ದರೂ ತಲೆದೂಗುತ್ತಿದ್ದರು. ಪರೀಕ್ಷೆಗಳನ್ನು ಪಾಸು ಮಾಡಿದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತಿದ್ದೇನೆ. ಕೈಕೆಳಗಿನವರಿಗೆ ನನ್ನನ್ನು ಕಂಡರೆ ಸ್ವಲ್ಪ ಹೆದರಿಕೆಯೇ. ಎಣಿಸಿದ್ದನ್ನು ಮತ್ತೆ ಎಣಿಸು ಎನ್ನುತ್ತೇನೆ, ತೂಗಿದ್ದನ್ನು ಮತ್ತೆ ತೂಗು ಎನ್ನುತ್ತೇನೆ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಅಂಕಲ್ ಇರುವವರೆಗೂ ಪ್ರತಿ ನವರಾತ್ರಿಗೆ ಅವರೇ ಫೋನ್ ಮಾಡಿ ಕರೆಯುತ್ತಿದ್ದರು. ಬಾಟಲಿಗೆ ಮುಚ್ಚಳ ಬಿಗಿದು, ಅದರ ಮೇಲೊಂದು ಸ್ಟೀಲು ಬಟ್ಟಲು ಕವುಚಿ ಹಾಕಿ, "ಈಗ ಹಾಕು ಎಷ್ಟು ಬೇಕೋ ಅಷ್ಟು!" ಎನ್ನುತ್ತಿದ್ದರು.

ಕಥೆ ಮುಗಿಯುವಷ್ಟರಲ್ಲಿ ಐರಿನ್ ಆಂಟಿ ಬಾಗಿಲಲ್ಲಿ ಬಂದು ನಿಂತಿದ್ದರು, ಸೆರಗಿಲ್ಲದ ಗೌನಿನ ತೋಳಿನಲ್ಲೇ ಕಣ್ಣೊರೆಸಿಕೊಂಡರು. ನಾನು ಹಲಗೆಯನ್ನು ಗೋಡೆಯಿಂದ ಇಳಿಸಿ, ಮಗಳ ಮುಂದೆ ಹಿಡಿದು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದೆ.

"ಮುಚ್ಚಳ ಹಾಕಿ ಪೂಜೆ ಮಾಡುವುದು."

ಕಾವ್ಯ ಗೊಳ್ಳನೆ ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನನ್ನೇ ನೋಡಿದಳು. "ಸೋ ಇಟ್ ವಾಸ್ ಯುವರ್ ಫಾಲ್ಟ್?"

"ಹೌದು," ಎಂದೆ. "ತಪ್ಪು ಮಾಡಿದವಳೂ ನಾನೇ, ಅದನ್ನ ಹಿಡಿದವಳೂ ನಾನೇ. ಹಿಡ್ಕೋ ಆ ಕಡೆ, ಇದನ್ನ ಮನೆಗೆ ತಗೊಂಡ್ ಹೋಗೋಣ."